22ರ ಸಂಬಳ ನೋಡಿದರೆ ಸಾಲದು, 36ರ ಲೆಕ್ಕವನ್ನೂ ಹಾಕಿ

ವಾಯುಪಡೆಯಲ್ಲಿ ಪೈಲಟ್ ಆಗಬೇಕೆಂದಿರುವ ಕಾಲೇಜು ವಿದ್ಯಾರ್ಥಿಗಳು ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ, ‘ಸರ್, ಕೈಗೆ ಎಷ್ಟು ಬರುತ್ತೆ?’ ಕೇಳುವುದರಲ್ಲಿ ತಪ್ಪೇನೂ ಇಲ್ಲ. ದೇಶಸೇವೆ ಮಾಡುವವರಿಗೂ ಮನೆಯ ಸಾಲ, ತಂಗಿಯ ಓದು, ಅಪ್ಪ–ಅಮ್ಮನ ಔಷಧಿ ಖರ್ಚು ಇದ್ದೇ ಇರುತ್ತವೆ. ಆದರೆ ಶಾರ್ಟ್ ಸರ್ವಿಸ್ ಕಮಿಷನ್‌ನಲ್ಲಿ 14 ವರ್ಷ ಸಾರಿಗೆ ವಿಮಾನ ಹಾರಿಸಿ ಹೊರಬಂದ ನನಗೆ, ಈ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು ಅನ್ನಿಸುತ್ತದೆ: 36–38ನೇ ವಯಸ್ಸಿಗೆ ನಾನು ಎಲ್ಲಿರುತ್ತೇನೆ? ಒಬ್ಬ ಅಭ್ಯರ್ಥಿಯ ಬದುಕೂ ವಾಯುಪಡೆಯ ಬಲವೂ ಇದೇ ಪ್ರಶ್ನೆಗೆ ಕಟ್ಟುಬಿದ್ದಿವೆ.

ಆರಂಭದಲ್ಲಿ ವಾಯುಪಡೆಯದೇ ಮೇಲುಗೈ

ಮೊದಲು ಅಂಕಿ ಅಂಶ ನೋಡೋಣ. 7ನೇ ವೇತನ ಆಯೋಗದ ಪ್ರಕಾರ ಹೊಸದಾಗಿ ಸೇರುವ ಫ್ಲೈಯಿಂಗ್ ಆಫೀಸರ್‌ನ ಮೂಲ ವೇತನ ತಿಂಗಳಿಗೆ 56,100 ರೂಪಾಯಿ. ಇದಕ್ಕೆ ಸೇನಾ ಸೇವಾ ವೇತನ 15,500 ರೂಪಾಯಿ ಸೇರುತ್ತದೆ. ಪೈಲಟ್‌ಗಳಿಗೆ ಆಯೋಗದ ಆಧಾರದಲ್ಲಿ ನಿಗದಿಯಾದ ಹಾರಾಟ ಭತ್ಯೆ 25,000 ರೂಪಾಯಿ. ಇವಿಷ್ಟೇ ಕೂಡಿದರೆ 96,600 ರೂಪಾಯಿ. ತುಟ್ಟಿಭತ್ಯೆ ಮತ್ತು ಇತರ ಭತ್ಯೆಗಳು ಬೇರೆ. ತರಬೇತಿಯ ಕೊನೆಯ ವರ್ಷದಲ್ಲಿ ಕೆಡೆಟ್‌ಗೂ 56,100 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ.

ಹೊರಗೆ ಇದೇ ವಯಸ್ಸಿನಲ್ಲಿ ಪೈಲಟ್ ಆಗಬೇಕೆಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅದಕ್ಕೆ ಹತ್ತಾರು ಲಕ್ಷ ರೂಪಾಯಿಯನ್ನು ಮನೆಯವರೇ ಹೊಂದಿಸಬೇಕು. ಆಮೇಲೆ ನಿರ್ದಿಷ್ಟ ಮಾದರಿಯ ವಿಮಾನದ ತರಬೇತಿಗೆ ಇನ್ನಷ್ಟು ದುಡ್ಡು. ಇಷ್ಟಾದರೂ ಕೆಲಸದ ಖಾತರಿ ಇಲ್ಲ. ವಾಯುಪಡೆಯಲ್ಲಿ ಸರ್ಕಾರವೇ ಖರ್ಚು ಹಾಕಿ ಹಾರಲು ಕಲಿಸಿ, ಸಂಬಳವನ್ನೂ ಕೊಡುತ್ತದೆ. ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ಮೊದಲ ಹಂತ ಮುಗಿಸಿದ ಮೇಲೆ, ಯುದ್ಧವಿಮಾನಕ್ಕೆ ಆಯ್ಕೆಯಾದವರು ಮುಂದೆ ನಮ್ಮ ಬೀದರ್‌ನಲ್ಲಿ ಹಾಕ್ ವಿಮಾನ ಹಾರಿಸುತ್ತಾರೆ. ಸಾರಿಗೆ ವಿಮಾನದವರು ಯಲಹಂಕಕ್ಕೆ ಬರುತ್ತಾರೆ. ರೈತರ, ಗುಮಾಸ್ತರ ಮಕ್ಕಳೂ ಕಾಕ್‌ಪಿಟ್ ಏರಲು ಇಷ್ಟು ನೇರವಾದ ದಾರಿ ಮತ್ತೊಂದಿಲ್ಲ.

ಲೆಕ್ಕ ತಿರುಗುವುದು ನಡುವಿನಲ್ಲಿ

ಬಡ್ತಿಯ ಏಣಿಯೂ ಆರಂಭದಲ್ಲಿ ಸಲೀಸು. ಎರಡು ವರ್ಷಕ್ಕೆ ಫ್ಲೈಟ್ ಲೆಫ್ಟಿನೆಂಟ್, ಆರಕ್ಕೆ ಸ್ಕ್ವಾಡ್ರನ್ ಲೀಡರ್, ಹದಿಮೂರಕ್ಕೆ ವಿಂಗ್ ಕಮಾಂಡರ್. ಇವೆಲ್ಲ ಸೇವಾವಧಿಯ ಆಧಾರದ ಮೇಲೆ ಸಿಗುತ್ತವೆ. ವಿಂಗ್ ಕಮಾಂಡರ್ ಆದಾಗ ಮೂಲ ವೇತನ 1,21,200 ರೂಪಾಯಿಯಿಂದ ಶುರುವಾಗುತ್ತದೆ. ಅಲ್ಲಿಂದ ಗ್ರೂಪ್ ಕ್ಯಾಪ್ಟನ್ ಆಗಲು ಆಯ್ಕೆ ಮಂಡಳಿ ದಾಟಬೇಕು. ಮೇಲಿನ ಹುದ್ದೆಗಳು ಕಡಿಮೆ, ಕಾಯುವವರು ಹೆಚ್ಚು. ಮೇಲೆ ಹೋದಂತೆ ಕಾಕ್‌ಪಿಟ್ ದೂರವಾಗಿ ಕಡತಗಳು ಹತ್ತಿರವಾಗುತ್ತವೆ.

ಒಂದು ವಿಷಯ ಗಮನಿಸಿ. ಹಾರಾಟ ಭತ್ಯೆ ನಿನ್ನೆ ಸೇರಿದ ಅಧಿಕಾರಿಗೂ, ಹದಿಮೂರು ವರ್ಷ ಹಾರಿಸಿದ ಅಧಿಕಾರಿಗೂ ಒಂದೇ ದರದಲ್ಲಿದೆ. ಹೊರಗಿನ ಮಾರುಕಟ್ಟೆ ಬೆಲೆ ಕಟ್ಟುವುದು ಹಾರಾಟದ ಗಂಟೆಗಳಿಗೆ. 1,500 ಗಂಟೆ ಪೂರೈಸಿದವರು ಪರೀಕ್ಷೆ ಪಾಸಾಗಿ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಪಡೆಯಬಹುದು. ಅಲ್ಲಿ ಕ್ಯಾಪ್ಟನ್ ಆದವರ ತಿಂಗಳ ಸಂಬಳ ಹಲವು ಲಕ್ಷ. 2023ರಲ್ಲಿ ಏರ್ ಇಂಡಿಯಾ 470 ವಿಮಾನ, ಇಂಡಿಗೊ 500 ವಿಮಾನ ಖರೀದಿಸುವುದಾಗಿ ಪ್ರಕಟಿಸಿದವು. ಅಷ್ಟು ವಿಮಾನಕ್ಕೆ ಅನುಭವಿ ಪೈಲಟ್‌ಗಳು ಬೇಕೇ ಬೇಕು. ಹಾಗಾಗಿ 22ರಲ್ಲಿ ವಾಯುಪಡೆಯ ಕಡೆಗಿದ್ದ ತಕ್ಕಡಿ 35ರ ಹೊತ್ತಿಗೆ ಇನ್ನೊಂದು ಕಡೆ ವಾಲುತ್ತದೆ.

ದುಡ್ಡೊಂದೇ ಕಾರಣ ಅಂತ ಹೇಳಿದರೆ ಅದೂ ಅನ್ಯಾಯ. ಎರಡು–ಮೂರು ವರ್ಷಕ್ಕೊಮ್ಮೆ ವರ್ಗಾವಣೆ, ಮಕ್ಕಳಿಗೆ ಪ್ರತಿ ಸಲ ಹೊಸ ಶಾಲೆ, ಹೆಂಡತಿಯ ಅಥವಾ ಗಂಡನ ಕೆಲಸಕ್ಕೆ ಪದೇ ಪದೇ ಕತ್ತರಿ, ಊರಲ್ಲಿ ವಯಸ್ಸಾದ ತಂದೆ–ತಾಯಿ. ನನ್ನ ಜೊತೆಗಾರರಲ್ಲಿ ಹೊರಗೆ ಹೋಗುವ ಮಾತಾಡಿದವರು ಸಂಬಳದ ಚೀಟಿಗಿಂತ ಮೊದಲು ಇವನ್ನೇ ಎತ್ತುತ್ತಿದ್ದರು. ಉಳಿದವರು ಉಳಿದದ್ದೂ ಸಂಬಳಕ್ಕಲ್ಲ. ಲಡಾಖ್‌ನ ಎತ್ತರದ ಪುಟ್ಟ ರನ್‌ವೇ ಮೇಲೆ ಎಎನ್–32 ಇಳಿಸುವ ಕೆಲಸ ಬೇರೆಲ್ಲೂ ಸಿಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಪಡೆಯ ಗಾತ್ರಕ್ಕೂ ಇದಕ್ಕೂ ಏನು ಸಂಬಂಧ?

ವಾಯುಪಡೆಗೆ ಮಂಜೂರಾಗಿರುವ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 42. 1963ರಿಂದ ಸೇವೆಯಲ್ಲಿದ್ದ ಮಿಗ್–21, 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ವಿದಾಯ ಪಡೆದ ಮೇಲೆ ಉಳಿದದ್ದು 29. ತೇಜಸ್ ಮಾರ್ಕ್–1ಎ ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್‌ಗೆ 2021ರಲ್ಲಿ 83, 2025ರಲ್ಲಿ ಮತ್ತೆ 97 ಎಂದು ಆರ್ಡರ್ ಕೊಡಲಾಗಿದೆ. ಆದರೆ ಅಮೆರಿಕದಿಂದ ಬರಬೇಕಾದ ಎಂಜಿನ್‌ಗಳು ತಡವಾದದ್ದೂ ಸೇರಿ ಹಲವು ಕಾರಣಗಳಿಗೆ ವಿಮಾನಗಳ ಪೂರೈಕೆ ಹಿಂದೆ ಬಿದ್ದಿತು.

ಸ್ಕ್ವಾಡ್ರನ್ ಕಡಿಮೆಯಾದರೆ ಪೈಲಟ್‌ಗಳು ಹೆಚ್ಚಾಗಬೇಕಲ್ಲ ಎಂದು ನೀವು ಕೇಳಬಹುದು. ಹಾಗಾಗಿಲ್ಲ. 2015ರ ಫೆಬ್ರುವರಿಯಲ್ಲಿ 486 ಇದ್ದ ಪೈಲಟ್‌ಗಳ ಕೊರತೆ 2021ರ ಕೊನೆಗೆ 596ಕ್ಕೆ ಏರಿತ್ತು ಎಂದು ಮಹಾಲೇಖಪಾಲರ (ಸಿಎಜಿ) ವರದಿ ಹೇಳಿದೆ. ಪೈಲಟ್‌ಗಳು ಸ್ಕ್ವಾಡ್ರನ್‌ಗೆ ಮಾತ್ರ ಬೇಕಾದವರಲ್ಲ. ಹೊಸಬರಿಗೆ ಕಲಿಸಲು, ಹೊಸ ವಿಮಾನ ಪರೀಕ್ಷಿಸಲು, ಕಾರ್ಯಾಚರಣೆ ಯೋಜಿಸಲು ಅನುಭವಿ ಪೈಲಟ್‌ಗಳೇ ಬೇಕು. ಒಬ್ಬ ಬೋಧಕ ಹೊರಗೆ ಹೋದರೆ ಅವನ ಕೈಯಲ್ಲಿ ಕಲಿಯಬೇಕಿದ್ದವರ ಕಲಿಕೆಯೂ ನಿಧಾನವಾಗುತ್ತದೆ.

ಇನ್ನೊಂದು ಕಡೆ, ವಿಮಾನ ಕಡಿಮೆಯಾದಷ್ಟೂ ಕಿರಿಯರು ಹಾರಾಟದ ಸರದಿಗೆ ಕಾಯಬೇಕು. ಹಾರಲೆಂದೇ ಬಂದವನಿಗೆ ನೆಲದ ಮೇಲೆ ಕೂರುವುದಕ್ಕಿಂತ ದೊಡ್ಡ ಬೇಸರವಿಲ್ಲ. ಪಡೆ ಚಿಕ್ಕದಾದರೆ ಮೇಲಿನ ಹುದ್ದೆಗಳನ್ನು ಹೆಚ್ಚಿಸುವುದೂ ಕಷ್ಟ. ಅಂದರೆ ಪಡೆಯ ಗಾತ್ರ, ಬಡ್ತಿ, ಉಳಿಯುವ ಮನಸ್ಸು ಮೂರೂ ಒಂದೇ ಹಗ್ಗದ ಎಳೆಗಳು. ಹೊಸ ವಿಮಾನವನ್ನು ದುಡ್ಡು ಕೊಟ್ಟು ತರಿಸಬಹುದು. ಹತ್ತು ವರ್ಷದ ಅನುಭವವಿರುವ ಪೈಲಟ್‌ನನ್ನು ತಯಾರಿಸಲು ಹತ್ತು ವರ್ಷವೇ ಬೇಕು.

ಬೋನಸ್ ಕೊಟ್ಟರೆ ಸಾಕೇ?

ಅಮೆರಿಕದ ವಾಯುಪಡೆ ಈ ಪ್ರಯೋಗವನ್ನು ದಶಕಗಳಿಂದ ಮಾಡುತ್ತಿದೆ. ಅಲ್ಲಿ ಪೈಲಟ್ ತರಬೇತಿ ಮುಗಿದ ಮೇಲೆ 10 ವರ್ಷ ಸೇವೆ ಕಡ್ಡಾಯ. ಆಮೇಲೂ ಉಳಿಯಲು ಒಪ್ಪುವವರಿಗೆ ಪ್ರತ್ಯೇಕ ಬೋನಸ್. ಇತ್ತೀಚಿನ ವರ್ಷಗಳಲ್ಲಿ ಅದು ವರ್ಷಕ್ಕೆ 50,000 ಡಾಲರ್‌ವರೆಗೆ ಏರಿದೆ. ಆದರೂ ಅಲ್ಲಿ ಪೈಲಟ್‌ಗಳ ಕೊರತೆ ನೀಗಿಲ್ಲ. ದುಡ್ಡು ಕೆಲವರನ್ನು ನಿಲ್ಲಿಸುತ್ತದೆ, ಎಲ್ಲರನ್ನೂ ಅಲ್ಲ.

ನಮ್ಮಲ್ಲಿ 8ನೇ ವೇತನ ಆಯೋಗ ರಚನೆಯಾಗಿದೆ. ಮೂಲ ವೇತನ ಏರುವ ಬಗ್ಗೆಯೇ ಎಲ್ಲರ ಚರ್ಚೆ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಏರಿಸಿದರೆ ನಡುವಯಸ್ಸಿನ ಈ ಬಿರುಕು ಮುಚ್ಚುವುದಿಲ್ಲ. ಅನುಭವ ಹೆಚ್ಚಿದಂತೆ ಹಾರಾಟ ಭತ್ಯೆಯೂ ಹೆಚ್ಚಬೇಕು. ಹುದ್ದೆಯ ಏಣಿ ಹತ್ತದೆ ಹಾರಾಟದಲ್ಲೇ, ಬೋಧನೆಯಲ್ಲೇ ಉಳಿಯಲು ಬಯಸುವವರಿಗೆ ಗೌರವದ ದಾರಿಯೊಂದು ಬೇಕು. ಮಕ್ಕಳು ಹತ್ತನೇ ತರಗತಿ, ಪಿಯುಸಿಯಲ್ಲಿರುವಾಗ ಒಂದೇ ಊರಿನಲ್ಲಿ ಇರುವ ಭರವಸೆ ಎಲ್ಲರಿಗೂ ಸಿಗಬೇಕು. ಇವುಗಳ ಖರ್ಚು ಒಬ್ಬ ಪೈಲಟ್‌ನನ್ನು ಕಳೆದುಕೊಳ್ಳುವ ಖರ್ಚಿಗಿಂತ ಕಡಿಮೆಯೇ.

ಅರ್ಜಿ ಹಾಕುವ ಮುನ್ನ

ಪದವಿಯ ನಂತರ ಹಾರಾಟ ವಿಭಾಗಕ್ಕೆ ಮುಖ್ಯವಾಗಿ ಎರಡು ಬಾಗಿಲು. ಸಿಡಿಎಸ್ ಮೂಲಕ ಯುವಕರು ಪರ್ಮನೆಂಟ್ ಕಮಿಷನ್‌ಗೆ ಹೋಗಬಹುದು. ಅಲ್ಲಿ 20 ವರ್ಷ ಪೂರೈಸಿದರೆ ಪಿಂಚಣಿ ಉಂಟು. ಎಎಫ್‌ಕ್ಯಾಟ್ ಮೂಲಕ ಯುವಕರು, ಯುವತಿಯರು ಇಬ್ಬರೂ ಶಾರ್ಟ್ ಸರ್ವಿಸ್‌ಗೆ ಹೋಗಬಹುದು. ವಯಸ್ಸು 20ರಿಂದ 24. ಪಿಯುಸಿಯಲ್ಲಿ ಗಣಿತ, ಭೌತವಿಜ್ಞಾನ ಓದಿರಬೇಕು. ಇಲ್ಲಿ ಸೇವೆ 14 ವರ್ಷ, ವಿಸ್ತರಣೆ ಇಲ್ಲ, ತಿಂಗಳ ಪಿಂಚಣಿಯೂ ಇಲ್ಲ. ಹೊರಬರುವಾಗ ಸಿಗುವುದು ಗ್ರಾಚ್ಯುಟಿಯಂಥ ಇಡಿಗಂಟು.

ಹಾಗೆಂದು ಶಾರ್ಟ್ ಸರ್ವಿಸ್ ಬೇಡ ಎನ್ನುವವನು ನಾನಲ್ಲ. ಗೊತ್ತಿದ್ದು ಹೋಗಿ ಎನ್ನುತ್ತೇನೆ. ಮೊದಲ ಸಂಬಳದಿಂದಲೇ ಸ್ವಲ್ಪ ಉಳಿಸಿ, ಅದೇ ನಿಮ್ಮ ಪಿಂಚಣಿ. ಸಾರಿಗೆ ವಿಮಾನದವರಿಗೆ ಹಾರಾಟದ ಗಂಟೆ ಬೇಗ ಕೂಡುತ್ತದೆ, ಯುದ್ಧವಿಮಾನದವರಿಗೆ ನಿಧಾನ. ಹೆಲಿಕಾಪ್ಟರ್‌ನವರು ವಿಮಾನಯಾನ ಸಂಸ್ಥೆಗೆ ಹೋಗಬೇಕಾದರೆ ವಿಮಾನ ಹಾರಿಸುವ ಲೈಸೆನ್ಸ್ ಪ್ರತ್ಯೇಕವಾಗಿ ಪಡೆಯಬೇಕು. ಯಾರೇ ಆದರೂ ಡಿಜಿಸಿಎ ಪರೀಕ್ಷೆಗಳ ಸಿದ್ಧತೆಯನ್ನು ಕೊನೆಯ ವರ್ಷಕ್ಕೆ ಬಿಡಬಾರದು.

ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಪೈಲಟ್‌ಗಳಿಗೆಂದೇ ನಡೆಸುವ ಕಂಪ್ಯೂಟರ್ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಅದಕ್ಕೆ ಬೇಕಾದ ಅಭ್ಯಾಸ ಮಾಡುವಾಗಲೇ ಒಂದು ಸಂಜೆ ಮನೆಯವರ ಜೊತೆ ಕೂತು, 36ರ ನಂತರದ ಬದುಕಿನ ಲೆಕ್ಕವನ್ನೂ ಕಾಗದದ ಮೇಲೆ ಬರೆದು ನೋಡಿ. ಆ ಲೆಕ್ಕ ಒಪ್ಪಿಗೆಯಾದರೆ ಎರಡನೇ ಯೋಚನೆ ಬೇಡ, ಅರ್ಜಿ ಹಾಕಿ.