ಅಳಿಯ ಕೊಟ್ಟ ಕಂಪನಿ ಕೋಡ್: ಹೋಟೆಲ್ ಬುಕ್ ಮಾಡುವ ಮುನ್ನ ತಿಳಿದಿರಲಿ

ನರೇಗಲ್ಲಿನಿಂದ ಮೈಸೂರು ದಸರಾಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತಂಗಿಯ ಮಗ ಫೋನ್ ಮಾಡುತ್ತಾನೆ: "ಮಾವಾ, ನಮ್ಮ ಕಂಪನಿ ಕೋಡ್ ಕಳಿಸೀನಿ. ಬುಕ್ ಮಾಡುವಾಗ ಹಾಕ್ರಿ, ರೂಮ್ ಕಡಿಮಿಗೆ ಸಿಗತೈತಿ." ಹಾಕಿ ನೋಡಿದರೆ ಬೆಲೆ ನಿಜಕ್ಕೂ ಇಳಿಯುತ್ತದೆ. ಹಾಗಾದರೆ ಅಂಜಿಕೆ ಯಾಕೆ?

ಮೊದಲು ಈ ಕೋಡ್ ಏನೆಂದು ನೋಡೋಣ. ದೊಡ್ಡ ಕಂಪನಿಗಳ ನೌಕರರು ಕೆಲಸದ ಮೇಲೆ ಊರೂರು ತಿರುಗುತ್ತಾರೆ. ಕಂಪನಿ ಹೋಟೆಲಿನ ಜೊತೆ ಮಾತಾಡಿ, ವರ್ಷಕ್ಕೆ ಇಷ್ಟು ರೂಮ್ ತೆಗೆದುಕೊಳ್ಳುತ್ತೇವೆ, ದರ ಇಳಿಸಿ ಎಂದು ಒಪ್ಪಂದ ಮಾಡಿಕೊಳ್ಳುತ್ತದೆ. ಆ ದರಕ್ಕೆ ಕಾರ್ಪೊರೇಟ್ ರೇಟ್, ಅಂದರೆ ಕಂಪನಿ ದರ ಎನ್ನುತ್ತಾರೆ. ಕೋಡ್ ಅದರ ಕೀಲಿಕೈ. ಆದರೆ ಯಾರು ಕೀಲಿ ತಿರುಗಿಸಿದರು ಎಂದು ವೆಬ್‌ಸೈಟ್ ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳುವವರು ಹೋಟೆಲಿನ ಕೌಂಟರಿನಲ್ಲಿ ಕೂತಿರುತ್ತಾರೆ.

ಅಲ್ಲಿ ಆಧಾರ್ ತೋರಿಸಿದರೆ ಸಾಕಾಗಲಿಕ್ಕಿಲ್ಲ. ಕಂಪನಿಯ ಗುರುತಿನ ಚೀಟಿಯನ್ನೋ ಪತ್ರವನ್ನೋ ಕೇಳಬಹುದು. ಇಲ್ಲವೆಂದರೆ ಆ ದಿನದ ಪೂರ್ತಿ ದರ ಕಟ್ಟಿ ಎನ್ನಬಹುದು, ಇಲ್ಲವೇ ಬುಕಿಂಗ್ ರದ್ದು ಮಾಡಬಹುದು. ಹಬ್ಬದ ರಾತ್ರಿ ಹೆಂಡತಿ ಮಕ್ಕಳ ಜೊತೆ ಬೇರೆ ರೂಮ್ ಹುಡುಕುವುದು ಸುಲಭವಲ್ಲ.

ಒಂದು ಲೆಕ್ಕ ಹಾಕೋಣ. ಕೋಡ್ ಹಾಕಿದಾಗ ರಾತ್ರಿಗೆ 3,500 ರೂಪಾಯಿ ತೋರಿಸಿತು. ದಿನಕ್ಕೆ 7,500ರವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ಒಟ್ಟು 3,675. ದಸರಾ ಸಮಯದ ಪೂರ್ತಿ ದರ 8,000 ಆಗಿದ್ದರೆ ತೆರಿಗೆಯೂ ಶೇ. 18ಕ್ಕೆ ಏರುತ್ತದೆ. ಒಟ್ಟು 9,440. ಒಂದೇ ರಾತ್ರಿಗೆ 5,765 ರೂಪಾಯಿ ಹೆಚ್ಚು. ಮುಂಗಡ ಕಟ್ಟಿದ್ದು 'ನಾನ್ ರಿಫಂಡಬಲ್', ಅಂದರೆ ವಾಪಸ್ ಬಾರದ ಬುಕಿಂಗ್ ಆಗಿದ್ದರೆ ಆ ಹಣವೂ ಹೋದೀತು.

ಅಳಿಯನಿಗೂ ತೊಂದರೆ ಇದೆ. ಕೋಡ್ ಬಳಸಿ ಯಾರು ಉಳಿದರು ಎಂಬ ಪಟ್ಟಿಯನ್ನು ಹೋಟೆಲ್ ಅವನ ಕಂಪನಿಗೆ ಕಳಿಸಬಹುದು. ಹೊರಗಿನವರಿಗೆ ಕೋಡ್ ಕೊಟ್ಟಿದ್ದಕ್ಕೆ ಅವನು ಆಫೀಸಿನಲ್ಲಿ ಉತ್ತರ ಹೇಳಬೇಕಾದೀತು. ಕೌಂಟರಿನಲ್ಲಿ ತೋರಿಸಲೆಂದು ನಕಲಿ ಗುರುತಿನ ಚೀಟಿ ಮಾಡಿಸುವ ಯೋಚನೆ ಮಾತ್ರ ಬೇಡವೇ ಬೇಡ. ಅದು ಅಪರಾಧ.

"ಅಳಿಯನೇ ನಮ್ಮ ಜೊತೆ ಬಂದರೆ?" ಎಂದು ಕೇಳಬಹುದು. ಕೆಲವು ಕಂಪನಿಗಳು ಸ್ವಂತ ಪ್ರವಾಸಕ್ಕೂ ಕೋಡ್ ಬಳಸಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಅವನು ಆಫೀಸಿನಲ್ಲಿ ಕೇಳಿಕೊಳ್ಳಲಿ. ಒಪ್ಪಿಗೆ ಇದ್ದರೆ ಅವನ ಹೆಸರಿನಲ್ಲೇ ಬುಕ್ ಮಾಡಿ, ಚೀಟಿ ಹಿಡಿದು ಅವನೇ ಮುಂದೆ ನಿಲ್ಲಲಿ.

ಟೆಲಿಗ್ರಾಂ, ವಾಟ್ಸಾಪ್ ಗುಂಪುಗಳಲ್ಲಿ ಕೋಡ್ ಮಾರುವವರ ಹತ್ತಿರ ಹೋಗಬೇಡಿ. ಹಣ ಪಡೆದು ನಂಬರ್ ಬ್ಲಾಕ್ ಮಾಡಿದರೆ ಕೋಡೂ ಇಲ್ಲ, ರೊಕ್ಕವೂ ಇಲ್ಲ. ಹಾಗೆ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಕಡಿಮೆ ದರಕ್ಕೆ ನೇರ ದಾರಿಗಳೂ ಇವೆ. ಹಲವು ದೊಡ್ಡ ಹೋಟೆಲ್‌ಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸದಸ್ಯರಾದರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಎರಡು ಮೂರು ರೂಮ್ ಬೇಕಿದ್ದರೆ ನೇರವಾಗಿ ಫೋನ್ ಮಾಡಿ ಚೌಕಾಸಿ ಮಾಡಿ. ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್‌ಗಳ ದರವನ್ನೂ ಹೋಲಿಸಿ ನೋಡಿ. ಮೈಸೂರಿನಲ್ಲಿ ಮಯೂರ ಹೊಯ್ಸಳ ಇದೆ, ನರೇಗಲ್ಲಿಗೆ ಸಮೀಪದ ಬಾದಾಮಿಯಲ್ಲಿ ಮಯೂರ ಚಾಲುಕ್ಯ ಇದೆ.

ಇಷ್ಟಾದ ಮೇಲೂ ಕೋಡ್ ಹಾಕುವ ಮನಸ್ಸಿದ್ದರೆ, ಹಣ ಕಟ್ಟುವ ಮುನ್ನ ಹೋಟೆಲಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಈ ದರಕ್ಕೆ ಏನು ಪುರಾವೆ ತೋರಿಸಬೇಕು?" ಅವರು ಹೇಳಿದ ಪುರಾವೆ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಆ ಕೋಡ್ ನಿಮ್ಮದಲ್ಲ.