ಓಟದ ಎತ್ತಿಗೆ ಎಷ್ಟು ಕಾಳು?

ಕಳೆದ ವರ್ಷ ಕಾರಹುಣ್ಣಿಮೆಗೆ ಮೂರು ದಿನ ಇರುವಾಗ ನಮ್ಮ ಮನೆಯ ಖಿಲಾರಿ ಎತ್ತು ಸತ್ತಿತು. ಹಾವು ಕಚ್ಚಿರಲಿಲ್ಲ, ಜ್ವರ ಬಂದಿರಲಿಲ್ಲ. ಪ್ರೀತಿಯಿಂದ ಹಾಕಿದ ಜೋಳವೇ ಅದನ್ನು ಕೊಂದಿತು.

ನಮ್ಮದು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಹಳ್ಳಿ. ಅಫಜಲಪುರ, ಆಳಂದ, ಜೇವರ್ಗಿ ಕಡೆ ಕಾರಹುಣ್ಣಿಮೆ ಎಂದರೆ ಎತ್ತಿನ ಹಬ್ಬ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಕರಿ ಹರಿಯಲು ಓಡಿಸುತ್ತಾರೆ. ನಮ್ಮ ಚಾಚಾ ಆ ವರ್ಷ ಗಾಡಿ ಓಟಕ್ಕೂ ಎತ್ತನ್ನು ತಯಾರು ಮಾಡುತ್ತಿದ್ದರು. ದುಬೈಯಲ್ಲಿ ಕೆಲಸಕ್ಕಿರುವ ಅಣ್ಣ ಫೋನಿನಲ್ಲಿ, ಅಲ್ಲಿ ಓಟದ ಒಂಟೆಗೆ ಖರ್ಜೂರ, ಹಾಲು, ಜೇನು, ಬಾರ್ಲಿ ತಿನ್ನಿಸುತ್ತಾರೆ ಎಂದು ಹೇಳಿದ್ದ. ಚಾಚಾಗೆ ಅದು ತಲೆಯಲ್ಲಿ ಕೂತಿತು. "ಬರೀ ಕಣಕಿ ತಿಂದ ಎತ್ತು ಏನ್ ಓಡ್ತದಪಾ, ಕಾಳು ಬೀಳಬೇಕು" ಎಂದು ಒಂದು ಸಂಜೆ ಬಕೆಟ್ ತುಂಬ ಜೋಳದ ನುಚ್ಚಿಗೆ ಬೆಲ್ಲ ಕಲಸಿ ಇಟ್ಟರು. ಎತ್ತು ಬಕೆಟ್ ನೆಕ್ಕಿ ಖಾಲಿ ಮಾಡಿತು. ನಾವೆಲ್ಲ ಖುಷಿಪಟ್ಟೆವು.

ಬೆಳಿಗ್ಗೆ ಅದು ಮೆಲುಕು ಹಾಕುತ್ತಿರಲಿಲ್ಲ. ಎಡಗಡೆಯ ಹೊಟ್ಟೆ ಕಣಕದ ಮುದ್ದೆಯಂತೆ ಬಿಗಿದಿತ್ತು. ಸೆಗಣಿ ನೀರಾಗಿ, ಹುಳಿ ವಾಸನೆ ಬರುತ್ತಿತ್ತು. ಮಧ್ಯಾಹ್ನಕ್ಕೆ ಕುಸಿದು ಕೂತಿತು. ಡಾಕ್ಟರನ್ನು ಕರೆಸುವಷ್ಟರಲ್ಲಿ ಹೊತ್ತು ಮೀರಿತ್ತು.

ಯಾಕೆ ಹೀಗಾಯಿತು ಎಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಸರ್ ಅವರನ್ನು ಕೇಳಿದೆ. ಅವರು ಹೇಳಿದ್ದನ್ನೂ ಆಮೇಲೆ ಓದಿದ್ದನ್ನೂ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಎತ್ತುಗಳಿವೆ.

ಎತ್ತಿನ ಹೊಟ್ಟೆಗೆ ನಾಲ್ಕು ಭಾಗ. ಮೊದಲನೆಯದು ರೂಮೆನ್, ದೊಡ್ಡ ಹಗೇವಿನಂಥ ಚೀಲ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಕಣಕಿಯ ನಾರನ್ನು ಎತ್ತು ತಾನೇ ಜೀರ್ಣಿಸಿಕೊಳ್ಳಲಾರದು. ಈ ಜೀವಿಗಳು ಅದನ್ನು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ. ಎತ್ತಿಗೆ ಸಿಗುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಆ ಆಮ್ಲಗಳದ್ದೇ. ಅಂದರೆ ನಾವು ಮೇವು ಹಾಕುವುದು ಎತ್ತಿಗಲ್ಲ, ಮೊದಲು ಅದರ ಹೊಟ್ಟೆಯ ಜೀವಿಗಳಿಗೆ.

ರೂಮೆನ್‌ನ ಪಿಎಚ್ ಸಾಮಾನ್ಯವಾಗಿ 6ರಿಂದ 7. ಕಣಕಿ ಅಗಿಯುವಾಗ, ಮೆಲುಕು ಹಾಕುವಾಗ ಧಾರಾಳವಾಗಿ ಜೊಲ್ಲು ಬರುತ್ತದೆ. ಅದರಲ್ಲಿ ಅಡುಗೆ ಸೋಡಾದಂಥ ಬೈಕಾರ್ಬೊನೇಟ್ ಇರುವುದರಿಂದ ಆಮ್ಲ ಹತೋಟಿಯಲ್ಲಿರುತ್ತದೆ. ನುಚ್ಚು, ಬೆಲ್ಲ ಒಮ್ಮೆಲೇ ಬಿದ್ದರೆ ಲೆಕ್ಕ ತಪ್ಪುತ್ತದೆ. ಪಿಷ್ಟ, ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾ ಏಕಾಏಕಿ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಸುರಿಸುತ್ತವೆ. ಅಗಿಯುವ ಕೆಲಸ ಕಡಿಮೆ, ಜೊಲ್ಲೂ ಕಡಿಮೆ. ಪಿಎಚ್ 5ಕ್ಕಿಂತ ಕೆಳಗಿಳಿದರೆ ನಾರು ಹುದುಗಿಸುವ ಜೀವಿಗಳು ಸಾಯುತ್ತವೆ, ಮೈಯ ನೀರು ರೂಮೆನ್‌ಗೆ ಹರಿಯುತ್ತದೆ, ರಕ್ತವೂ ಆಮ್ಲವಾಗುತ್ತದೆ. ಇದಕ್ಕೆ ಅಸಿಡೋಸಿಸ್ ಎನ್ನುತ್ತಾರೆ. ಇಡೀ ಕಾಳಿಗಿಂತ ನುಚ್ಚು ಬೇಗ ಹುದುಗುವುದರಿಂದ ಹೆಚ್ಚು ಅಪಾಯ.

ಇನ್ನು ಒಂಟೆ. ಅದರ ಹೊಟ್ಟೆಗೆ ಮೂರೇ ಭಾಗ, ಆದರೂ ಅದು ಮೆಲುಕು ಹಾಕುವ ಪ್ರಾಣಿಯೇ. ಅಲ್ಲಿಯೂ ಒಣಗಿಸಿದ ಲೂಸರ್ನ್ ಹುಲ್ಲು, ಅಂದರೆ ಕುದುರೆ ಮೆಂತೆ, ಮುಖ್ಯ ಮೇವು. ಬಾರ್ಲಿ ಅತಿಯಾದರೆ ಒಂಟೆಗೂ ಇದೇ ರೋಗ. ಅಣ್ಣ ಖರ್ಜೂರದ ಸುದ್ದಿ ಹೇಳಿದ, ಹುಲ್ಲಿನ ಸುದ್ದಿ ಹೇಳಲಿಲ್ಲ. ಹುಲ್ಲಿನ ಸುದ್ದಿ ಯಾರು ಹೇಳುತ್ತಾರೆ!

ಹಾಗಾದರೆ ಓಡುವ ಎತ್ತಿಗೆ ಏನೂ ಹಾಕಬಾರದೇ? ಹಾಕಬೇಕು. ನಮ್ಮಲ್ಲಿ ಒಳ್ಳೆಯ ಮೇವಿಗೆ ಬರವಿಲ್ಲ. ಜೋಳದ ಕಣಕಿ ಬುಡ. ಅದರಲ್ಲಿ ಪ್ರೋಟೀನ್ ಕಡಿಮೆ. ಆ ಕೊರತೆ ತೊಗರಿ ಹೊಟ್ಟು, ಶೇಂಗಾ ಹಿಂಡಿ, ನೆನೆಸಿದ ಹತ್ತಿಕಾಳಿನಿಂದ ತುಂಬುತ್ತದೆ. ಹತ್ತಿಕಾಳಿನಲ್ಲಿ ಎಣ್ಣೆಯೂ ಇದೆ, ಆದರೆ ಎಣ್ಣೆ ಹೆಚ್ಚಾದರೂ ನಾರಿನ ಜೀರ್ಣಕ್ರಿಯೆ ಕುಂಠಿತವಾಗುತ್ತದೆ. ನಮ್ಮ ಕಡೆ ಕಬ್ಬಿನ ಸೋಗೆ ಬೇಕಾದಷ್ಟು ಸಿಗುತ್ತದೆ. ಅದರಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಡುವುದರಿಂದ ಅದನ್ನೇ ನೆಚ್ಚಬಾರದು. ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು ಕೊಡಬಹುದು. ಮಳೆಯಿಲ್ಲದೆ ಬಾಡಿದ ಎಳೆ ಜೋಳದ ಬೆಳೆಗೆ ಮಾತ್ರ ಎತ್ತು ಬಿಡಬೇಡಿ, ಅದರಲ್ಲಿ ಸಯನೈಡ್ ವಿಷ ಹುಟ್ಟುತ್ತದೆ.

ಕಾಳು ಹೆಚ್ಚಿಸಬೇಕೆಂದರೆ ಎರಡು ವಾರ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು, ಎರಡು ಮೂರು ಹೊತ್ತಿಗೆ ಹಂಚಬೇಕು, ಮೊದಲು ಕಣಕಿ ಆಮೇಲೆ ಕಾಳು. ಸೂಕ್ಷ್ಮಜೀವಿಗಳಿಗೆ ಹೊಸ ಊಟ ರೂಢಿಯಾಗಲು ಅಷ್ಟು ದಿನ ಬೇಕೇ ಬೇಕು.

ಎತ್ತಿನ ಗಾಡಿ ಓಟಕ್ಕೆ 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತ್ತು. ಕರ್ನಾಟಕ 2017ರಲ್ಲಿ ಕಾಯ್ದೆ ತಿದ್ದಿತು, 2023ರ ಮೇ 18ರಂದು ಕೋರ್ಟ್ ಅದನ್ನು ಎತ್ತಿಹಿಡಿಯಿತು. ಓಟದ ದಿನ ಎತ್ತಿಗಾಗುವ ಹಿಂಸೆಯ ಬಗ್ಗೆಯೂ ವಾದ ನಡೆಯಿತು. ನಮ್ಮ ಎತ್ತು ಕಣಕ್ಕೆ ಹೋಗುವ ಮೊದಲೇ ಕೊಟ್ಟಿಗೆಯಲ್ಲಿ ಸತ್ತಿತು.

ಎತ್ತು ಅಕಸ್ಮಾತ್ ಕಾಳಿನ ಚೀಲಕ್ಕೆ ಬಾಯಿ ಹಾಕಿದ್ದು ಕಂಡರೆ ಲಕ್ಷಣ ಕಾಣುವವರೆಗೆ ಕಾಯಬೇಡಿ. ಕಾಳು ತೆಗೆದು ಒಣ ಕಣಕಿ ಹಾಕಿ, ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ. ಮೊದಲ ಕೆಲವು ತಾಸುಗಳಲ್ಲಿ ಔಷಧಿ ಬಿದ್ದರೆ ಉಳಿಯುವ ಸಾಧ್ಯತೆ ಹೆಚ್ಚು.

ಚಾಚಾ ಈ ವರ್ಷ ಹೊಸ ಎತ್ತು ತಂದಿದ್ದಾರೆ. ಅಮ್ಮಿಯ ಅಡುಗೆಮನೆಯ ತಕ್ಕಡಿ ಈಗ ಕೊಟ್ಟಿಗೆಯಲ್ಲಿದೆ. ಕೇಳಿದರೆ, "ಇನ್ನ ಹತ್ತು ದಿನ ಅರ್ಧ ಕಿಲೋನೇ" ಎನ್ನುತ್ತಾರೆ.