ದತ್ತು ಮಗುವಿನ ಭಾವಚಿತ್ರ: ತಪ್ಪು ಕಲ್ಪನೆ ಮತ್ತು ವಾಸ್ತವ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ದತ್ತು ಮಗುವಿನ ಚಿತ್ರ ಬರೆಯುವವರೂ ಬರೆಸುವವರೂ ಮೊದಲು ಒಪ್ಪಬೇಕಾದ ಮಾತೊಂದಿದೆ: ಮಗುವಿನ ಮುಖದ ಮೇಲೆ ಮೊದಲ ಹಕ್ಕು ಮಗುವಿನದೇ.

ತಪ್ಪು ಕಲ್ಪನೆ: ಮಕ್ಕಳ ಚಿತ್ರ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಬೇಗ ಮನೆ ಸಿಗುತ್ತದೆ.
ವಾಸ್ತವ: 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ, ಪಾಲನೆ ಬೇಕಾದ ಮಗುವಿನ ಗುರುತು ಬಯಲು ಮಾಡುವುದು ಅಪರಾಧ. 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ದತ್ತು ಬಯಸುವವರಿಗೆ ಮಗುವಿನ ಫೋಟೊ, ವೈದ್ಯಕೀಯ ವರದಿ ತೋರಿಸಲು ಕೇಂದ್ರ ಸರ್ಕಾರದ ದತ್ತು ಸಂಸ್ಥೆ ‘ಕಾರಾ’ದ ಪೋರ್ಟಲ್ ಇದೆ.

ತಪ್ಪು ಕಲ್ಪನೆ: ಮಗು ಮನೆಗೆ ಬಂತೆಂದರೆ ದತ್ತು ಮುಗಿದಂತೆ.
ವಾಸ್ತವ: ದತ್ತು ಆದೇಶ ಬರುವವರೆಗೆ ಅದು ದತ್ತು ಪೂರ್ವ ಪೋಷಣೆ ಮಾತ್ರ. 2022ರ ಸೆಪ್ಟೆಂಬರ್ 1ರಿಂದ ಆ ಆದೇಶ ಕೊಡುವವರು ಜಿಲ್ಲಾಧಿಕಾರಿ. ಚಿತ್ರ ಹೊರಗೆ ತೋರಿಸಲು ಅಲ್ಲಿಯವರೆಗೆ ಆತುರ ಬೇಡ.

ತಪ್ಪು ಕಲ್ಪನೆ: ಅಪ್ಪ-ಅಮ್ಮನನ್ನು ಹೋಲುವಂತೆ ಮುಖ ತಿದ್ದಬೇಕು, ಬಣ್ಣ ತುಸು ತಿಳಿಯಾಗಿಸಬೇಕು.
ವಾಸ್ತವ: ಕಪ್ಪು ಮೈಬಣ್ಣಕ್ಕೆ ಬಿಳಿ ಬೆರೆಸಿದರೆ ಮುಖ ಬೂದಿ ಬಳಿದಂತೆ ಕಾಣುತ್ತದೆ. ಕಾವಿ, ಹಳದಿಮಣ್ಣು, ನೆರಳಿಗೆ ಚೂರು ನೀಲಿ ಸೇರಿದರೆ ಅದಕ್ಕೆ ಜೀವ ಬರುತ್ತದೆ. ಇನ್ನು ಹೋಲಿಕೆಯ ಮಾತು: ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗಳಿಗೆ ಕೊಂಡಿ ಹಾಕಿ ನೇಯ್ದ ಮೇಲೆ ಸೀರೆ ಒಂದೇ. ಹಾಗೆಯೇ ಮನೆಯವರಾಗಲು ಮೂಗು ಒಂದೇ ಥರ ಇರಬೇಕಿಲ್ಲ. ಅಮ್ಮನ ಕೆಂಪು ಸೆರಗಿನ ಬಿಳಿ ತೆನೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ ಪುಟ್ಟ ಕೈಯನ್ನು ಇದ್ದಂತೆಯೇ ಬರೆದರೆ ಸಾಕು, ನಂಟು ಕಾಣುತ್ತದೆ.

ತಪ್ಪು ಕಲ್ಪನೆ: ಹಳೆಯ ಫೋಟೊ ಮುಚ್ಚಿಟ್ಟರೆ ಮಗುವಿಗೆ ಒಳ್ಳೆಯದು.
ವಾಸ್ತವ: ಚೀನಾ ವಿದೇಶಿ ದತ್ತಿಗೆ 1992ರಲ್ಲಿ ಬಾಗಿಲು ತೆರೆದು 2024ರಲ್ಲಿ ಮುಚ್ಚುವವರೆಗೆ, ಅಮೆರಿಕವೊಂದಕ್ಕೇ 82 ಸಾವಿರಕ್ಕೂ ಹೆಚ್ಚು ಮಕ್ಕಳು ದತ್ತು ಹೋದರು. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅನಾಥಾಲಯ ಕಳಿಸಿದ ಫೋಟೊ ಬಿಟ್ಟರೆ ಎಷ್ಟೋ ಮಕ್ಕಳಿಗೆ ತಮ್ಮ ಶೈಶವದ ಬೇರೆ ಗುರುತಿಲ್ಲ. ಅದನ್ನು ನೋಡಿ ಚಿತ್ರ ಬರೆಸಿದ ತಂದೆತಾಯಿಗಳಿದ್ದಾರೆ. ನಮ್ಮಲ್ಲೂ 18 ತುಂಬಿದ ದತ್ತು ಮಕ್ಕಳು ತಮ್ಮ ಮೂಲದ ಮಾಹಿತಿ ಕೋರಿ ತಾವೇ ಅರ್ಜಿ ಹಾಕಬಹುದು. ಹಾಗಾಗಿ ಹಳೆಯ ಫೋಟೊ ಜೋಪಾನವಾಗಿಡಿ.

ತಪ್ಪು ಕಲ್ಪನೆ: ಕರುಣೆ ಹುಟ್ಟಿಸುವ ಚಿತ್ರವೇ ಒಳ್ಳೆಯ ಚಿತ್ರ.
ವಾಸ್ತವ: ಕಣ್ಣೀರು, ಹರಿದ ಅಂಗಿ ಬರೆದರೆ ಮಗು ಜೀವನವಿಡೀ ‘ಪಾಪ’ ಎನಿಸಿಕೊಳ್ಳುತ್ತದೆ. ಆಡುವಾಗ, ಹಟ ಮಾಡುವಾಗ, ನಗುವಾಗ ಬರೆಯಿರಿ. ತಿಳಿವಳಿಕೆ ಬಂದ ಮಗುವಾದರೆ ಮೊದಲು ಅದನ್ನೇ ಕೇಳಿ. ಬೇಡವೆಂದರೆ ಕುಂಚ ಕೆಳಗಿಡಿ.